ಅರ್ಧ ಸುತ್ತು ಸಡಿಲ

ಹಾವೇರಿಯ ಗುಮಾಸ್ತ ಕಲ್ಲೇಶನ ಹೊಸ ಕಾರಿನ ಸೀಟುಗಳಿಗೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು. ಹೋದ ತಿಂಗಳು ಪಕ್ಕದ ಮನೆಯ ಮಂಗಳವ್ವನನ್ನು ಮೋಟೆಬೆನ್ನೂರಿಗೆ ಬಿಡಲು ಹೋದಾಗ ಅವಳ ಉಪ್ಪಿನಕಾಯಿ ಭರಣಿ ಉರುಳಿ, ಹೊದಿಕೆ ಇದ್ದೂ ಕಾರೆಲ್ಲ ಘಮಘಮ. ಈಗ ಅವಳು ರವಿವಾರ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ರಾಣೆಬೆನ್ನೂರಿಗೆ ಹೋಗಬೇಕಂತೆ, ತೊಟ್ಟಿಲು ಸಮೇತ. ಇಲ್ಲವೆನ್ನಲು ಕಲ್ಲೇಶನಿಗೆ ಬಾಯಿಲ್ಲ. ಅವನ ಮನೆಯ ಚಹಾಕ್ಕೆ ಹಾಲು ಬರುವುದೇ ಅವಳ ಎಮ್ಮೆಯಿಂದ.

ಅದಕ್ಕೇ ಶುಕ್ರವಾರವೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಮಾಡಿಟ್ಟಿದ್ದ. ಟ್ಯಾಂಕಿನ ಆವಿ ಸೋರಿದರೆ ಇಂಜಿನ್ನಿನ ಹಳದಿ ದೀಪ ಹತ್ತುತ್ತದೆಂದು ಅವನಿಗೆ ಗೊತ್ತಿತ್ತು. ರವಿವಾರ ಬೆಳಿಗ್ಗೆ ಹತ್ತಿಯೇ ಬಿಟ್ಟಿತು.

"ನೋಡಬೇ ಯವ್ವಾ, ಇಂಜಿನ್ ದೀಪ ಹತ್ತೈತಿ. ಚಾಲೂ ಮಾಡಿದ್ರ ಅಪಾಯ," ಎಂದ ತೊಟ್ಟಿಲು ತಂದು ನಿಂತಿದ್ದ ಮಂಗಳವ್ವನಿಗೆ, ಮುಖ ಸಣ್ಣದು ಮಾಡಿ.

ಎದುರು ಮನೆಯ ನಿವೃತ್ತ ಮಾಸ್ತರ ಸಿದ್ದಲಿಂಗಪ್ಪ ಹಲ್ಲುಜ್ಜುತ್ತಲೇ ಓಡಿಬಂದರು. "ಚಾಲೂ ಯಾಕ ಮಾಡ್ತಿ? ನೂಕೂಣು! ಆರಿಫನ ಗ್ಯಾರೇಜ್ ಇಲ್ಲೇ ಐತಿ."

ಓಣಿಗೆ ಓಣಿಯೇ ಕೈಹಚ್ಚಿತು. ಸ್ಟೇರಿಂಗ್ ಹಿಡಿದ ಕಲ್ಲೇಶ ಮದುಮಗನಂತೆ ಬೆವರಿದ.

ಆರಿಫ್ ಹೊಗೆ ಮಷಿನ್ನಿನ ಪೈಪನ್ನು ಆವಿಯ ಕೊಳವೆಗೆ ಜೋಡಿಸಿದ. "ಹೊಗಿ ಎಲ್ಲಿಂದ ಬರ್ತೈತಿ, ಅಲ್ಲೇ ಸೋರಾಕತ್ತೈತಿ ಅಂತ ಅರ್ಥರಿ."

ಎಲ್ಲರೂ ಬಗ್ಗಿ ಕಾರಿನಡಿ ಇಣುಕಿದರು. ಹೊಗೆ ಮಾತ್ರ ಪೆಟ್ರೋಲ್ ಮುಚ್ಚಳದ ಸುತ್ತಲಿಂದ ಆರಾಮಾಗಿ ಎದ್ದಿತು. ಆರಿಫ್ ಮುಚ್ಚಳ ಮುಟ್ಟಿದ, ಅಲುಗಾಡಿತು. ಕಲ್ಲೇಶನ ಮುಖ ನೋಡಿದ. ಕಲ್ಲೇಶ ಕಣ್ಣಲ್ಲೇ ಕೈಮುಗಿದ.

"ದೊಡ್ಡ ಕೆಲಸ ಐತ್ರಿ," ಎಂದ ಆರಿಫ್. "ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಇವತ್ತಂತೂ ಆಗೂದಿಲ್ಲ."

ಮಂಗಳವ್ವ ನಿಟ್ಟುಸಿರಿಟ್ಟು, ತೊಟ್ಟಿಲು ಹೊರಿಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಓಣಿಯವರು ಚದುರಿದರು. ಕಲ್ಲೇಶನಿಗೆ ಹೋದ ಜೀವ ಬಂದಂತಾಯಿತು.

ಆರಿಫ್ ಮುಚ್ಚಳ ತಿರುವಿ ಕಟಕಟ ಅನಿಸಿದ. "ಗಾಡಿ ಸರಿ ಆತ್ರಿ ಅಣ್ಣಾ. ನಮ್ಮ ಅಮ್ಮಾಗ ರಾಣೆಬೆನ್ನೂರಿಗೆ ಮಗಳ ಮನಿಗೆ ಹೋಗಬೇಕೈತಿ. ಬಿಟ್ಟು ಬರ್ತೀರಲ್ಲಾ? ಇಲ್ಲಂದ್ರ, ಮಂಗಳವ್ವ ಇನ್ನೂ ಓಣಿ ದಾಟಿಲ್ಲ, ಕೂಗ್ಲ್ಯಾ?"

ಅರ್ಧ ತಾಸಿನ ಮೇಲೆ ಒಳಗಿನಿಂದ ಆರಿಫನ ಅಮ್ಮ ಮಹಮೂದಾಬೇಗಂ ಸಜ್ಜಾಗಿ ಬಂದರು. ಜೊತೆಗೆ ಬ್ಯಾಡಗಿ ಮೆಣಸಿನಕಾಯಿಯ ಎರಡು ಚೀಲ. ಗ್ಯಾರೇಜ್ ದಾಟುವಷ್ಟರಲ್ಲಿ ಕಲ್ಲೇಶನಿಗೆ ಸೀನು ಶುರುವಾಯಿತು.

ಬಸ್ಸು ತುಂಬಿ, ತೊಟ್ಟಿಲಿಗೆ ಜಾಗ ಸಿಗದ ಮಂಗಳವ್ವ ಸ್ಟ್ಯಾಂಡಿನ ಮುಂದೆ ರಸ್ತೆಗೇ ಅಡ್ಡ ನಿಂತಿದ್ದಳು. ಸೀನುತ್ತಿದ್ದವನಿಗೆ ತಪ್ಪಿಸಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ.

"ಅಯ್ಯ ನನ್ನಪ್ಪಾ! ದುರಸ್ತಿ ಮಾಡಿಸ್ಕೊಂಡು ನನ್ನ ಸಲುವಾಗಿ ಬೆನ್ನತ್ತಿ ಬಂದೀಯಲ್ಲೋ!" ಅವಳ ಕಣ್ಣು ನಿಜಕ್ಕೂ ತುಂಬಿಬಂತು. ಕಲ್ಲೇಶನಿಗೆ ನಾಚಿಕೆಯಾಯಿತು, ಬಾಗಿಲು ತೆರೆದ.

"ಬೇಗಂ, ತುಸು ಸರೀರಿ," ಎನ್ನುತ್ತ ಅವಳು ತೊಟ್ಟಿಲಿನ ಸಮೇತ ಒಳಸೇರಿದಳು. "ಕಲ್ಲೇಶ, ಈ ಭರಣಿ ನಿನ್ನ ಬಾಜೂಕ ಇಟ್ಕೊಳಪಾ. ಹೊಸಾ ಉಪ್ಪಿನಕಾಯಿ. ಮುಚ್ಚಳ ಒಂಚೂರು ಸಡ್ಲ ಐತಿ."