ಕಾಯಿ ಹಿಡಿದ ಮೇಲೆ ಮುಗೀತು

ಭೀಮನ ಅಮಾವಾಸ್ಯೆಯ ದಿನ ಗಂಡನ ಪಾದಪೂಜೆಗೆಂದು ನಿರ್ಮಲಾ ದೇವರ ಗೂಡಿನಲ್ಲಿ ತೆಗೆದಿಟ್ಟಿದ್ದ ಜುಟ್ಟಿನ ಕಾಯಿಯನ್ನು ಬೆಳಿಗ್ಗೆ ಎಂಟು ಗಂಟೆಗೆ ಕದ್ದವನು ಬೇರೆ ಯಾರೂ ಅಲ್ಲ, ಆ ಪಾದಗಳ ಒಡೆಯ ಶಂಭುಲಿಂಗಯ್ಯನೇ.

ಕದ್ದದ್ದು ತಿನ್ನುವುದಕ್ಕಲ್ಲ, ಹಾಕಿ ಆಟಕ್ಕೆ.

ಒಣಗಿದ ಇಡೀ ಕೊಬ್ಬರಿಯ ಹೆಸರು ಹೊತ್ತ ತಿಪಟೂರಿನ ಗಿಟಕು ಹಾಕಿ ಕ್ಲಬ್ಬು ಇಪ್ಪತ್ತಾರು ವರ್ಷದಿಂದ ಆಡುತ್ತಿದೆ, ಇಪ್ಪತ್ತಾರು ವರ್ಷದಿಂದ ಸೋಲುತ್ತಿದೆ, ಶಂಭುಲಿಂಗಯ್ಯ ಇಪ್ಪತ್ತಾರು ವರ್ಷದಿಂದ ಕೂಗುತ್ತಿದ್ದಾನೆ. ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುವುದು ಅವನ ಕಸುಬು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ನೀರಿದೆಯೋ, ಒಣಗಿದೆಯೋ, ಕೊಳೆತಿದೆಯೋ ಹೇಳಿಬಿಡುತ್ತಿದ್ದ. ಆಟಗಾರರ ವಿಷಯದಲ್ಲಿ ಮಾತ್ರ ಅವನ ಕಿವಿ ಯಾವತ್ತೂ ಕೆಲಸ ಮಾಡಿದ್ದಿಲ್ಲ.

ಮೂರು ತಾಲ್ಲೂಕಿನ ಹಾಕಿ ಕ್ಲಬ್ಬುಗಳಿಗೂ ಒಂದು ಕಟ್ಟಳೆಯುಂಟು. ಆಷಾಢ ಹುಟ್ಟಿತೆಂದರೆ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಬಿಡುಗಡೆ. ಯಾವ ಕ್ಲಬ್ಬಿನ ಅಧ್ಯಕ್ಷನಾಗಲಿ, ಪಟ್ಟಿಯಲ್ಲಿರುವವನಾಗಲಿ, ಇಬ್ಬರ ಎದುರಿಗೆ ಜುಟ್ಟಿನ ಕಾಯಿ ಕೊಟ್ಟರೆ, ಹಿಡಿದವನು ಆ ವರ್ಷ ಕೊಟ್ಟವನ ಕ್ಲಬ್ಬಿನ ಪಾಲು. ಭೀಮನ ಅಮಾವಾಸ್ಯೆಯ ದೀಪ ಹಚ್ಚುವ ಹೊತ್ತಿನ ತನಕ ಯಾರ ಕಾಯಿಯನ್ನೂ ಹಿಡಿಯದಿದ್ದರೆ ಇದ್ದಲ್ಲೇ ಇದ್ದಂತೆ. ಈ ಸೀಮೆಯಲ್ಲಿ ಹೆಣ್ಣು ಗೊತ್ತಾಗುವುದೂ ಕಾಯಿ ಹಿಡಿದೇ, ತೋಟ ಗುತ್ತಿಗೆಯಾಗುವುದೂ ಕಾಯಿ ಹಿಡಿದೇ. ಸೆಂಟರ್ ಫಾರ್ವರ್ಡ್ ಏನು ಮೇಲಿಂದ ಉದುರಿದವನೇ?

"ಆಷಾಢಕ್ಕೆ ಹೊಸ ಸೊಸೇನೂ ಹೋಗ್ತಾಳೆ ಕಣೇ," ಎಂದು ಶಂಭುಲಿಂಗಯ್ಯ ಹೆಂಡತಿಯ ಹತ್ತಿರ ಗೋಳಾಡಿದ್ದ. "ಆದ್ರೆ ಅವಳು ಶ್ರಾವಣಕ್ಕೆ ವಾಪಸ್ ಬತ್ತಾಳೆ. ಈ ನನ್ಮಕ್ಳು ಹೋದ್ರೆ ಹೋದ್ರು."

"ಹೋಗದೆ ಏನ್ಮಾಡ್ತಾರೆ? ನೀವು ಕೊಡೋದು ತಣ್ಣಗಿನ ಚಿತ್ರಾನ್ನ," ಎಂದಳು ನಿರ್ಮಲಾ. ಅವಳ ತವರು ತುರುವೇಕೆರೆ. ಮದುವೆಯಾದ ಮೇಲೆ ಪ್ರತಿ ಸಲ ತುರುವೇಕೆರೆಯವರು ಗೆದ್ದಾಗಲೂ ಅವಳು ಪಾಯಸ ಮಾಡಿದ್ದಳು. ವರ್ಷಕ್ಕೊಮ್ಮೆಯಾದರೂ ಪಾಯಸ ತಪ್ಪುತ್ತಿರಲಿಲ್ಲ.

ಈ ಆಷಾಢದಲ್ಲಂತೂ ಕ್ಲಬ್ಬಿಗೆ ಗ್ರಹಚಾರ ಒದ್ದುಕೊಂಡು ಬಂದಿತ್ತು. ಸೆಂಟರ್ ಫಾರ್ವರ್ಡ್ ಸಿದ್ದಾರ್ಥ್ ಒಂದು ಜೊತೆ ಶೂ ತೋರಿಸಿದ್ದಕ್ಕೆ ಚಿಕ್ಕನಾಯಕನಹಳ್ಳಿಗೆ ಹೋದ. ಕೋಚ್ ತಿಲಕ್, ಅವನನ್ನು ತಡೆಯಲು ಹೋದವನು, ತಾನೂ ಅಲ್ಲೇ ಉಳಿದ. ನಿನ್ನೆ ಫುಲ್‌ಬ್ಯಾಕ್ ದಯಾನಂದ್ ತುರುವೇಕೆರೆಯ ಕಾಯಿ ಹಿಡಿದ. ಅಲ್ಲಿ ಮ್ಯಾಚ್ ಮುಗಿದ ಮೇಲೆ ಮುದ್ದೆ, ಕೋಳಿ ಸಾರು ಹಾಕುತ್ತಾರಂತೆ.

ಶಂಭುಲಿಂಗಯ್ಯ ಬೆಳಿಗ್ಗೆ ಎದ್ದವನೇ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದ: "ಕೋಳಿ ಸಾರು ಕಂಡ ಕಡೆ ಎಲೆ ಹಾಸುವ ಮಹಾನುಭಾವರಿಗೆ ಅಭಿನಂದನೆಗಳು. ಉಂಡ ಮನೆಗೆ ಬೆನ್ನು ಹಾಕಿದ ತಮ್ಮ ಬೆನ್ನು ಸದಾ ಬೆಚ್ಚಗಿರಲಿ." ಕೆಳಗೆ ದಯಾನಂದನ ಫೋಟೋಕ್ಕೆ ಹೂವಿನ ಹಾರ ಬೇರೆ ಅಂಟಿಸಿದ್ದ.

ಇನ್ನು ಹೆಸರಿಗೆ ಹೇಳಿಕೊಳ್ಳುವಂಥವನು ಉಳಿದಿದ್ದು ಗೋಲ್‌ಕೀಪರ್ ಮುಜಾಫರ್ ಒಬ್ಬನೇ. ಕಾಯಿ ಸುಲಿಯುವ ಮಿಷನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು. ಅವನೂ ಹೋದರೆ ಗೋಲಿನ ಮುಂದೆ ನಿಲ್ಲಿಸಲು ತೆಂಗಿನ ಗರಿಯ ತಡಿಕೆಯೇ ಗತಿ, ತಂಡವೇ ಬರಖಾಸ್ತು. ಇಂದು ಬೆಳಿಗ್ಗೆ ಅವನ ಗ್ಯಾರೇಜಿಗೆ ಫೋನ್ ಮಾಡಿದರೆ ಶಂಭುಲಿಂಗಯ್ಯನಿಗೆ ಸಿಕ್ಕ ಉತ್ತರ ಇದು.

"ಮುಜಾಫರ್ ಭಾಯ್ ನೊಣವಿನಕೆರೆಗೆ ಹೋಗವ್ರೆ. ಕೆಂಚಪ್ಪೋರ ತೋಟಕ್ಕೆ. ಬರೋದು ಸಾಯಂಕಾಲ."

ಕೆಂಚಪ್ಪ! ತುರುವೇಕೆರೆ ಕ್ಲಬ್ಬಿನ ಅಧ್ಯಕ್ಷ! ಇವತ್ತೇ, ಕಡೇ ದಿನವೇ, ಅವನ ಮಿಷನ್ನು ಕೆಡಬೇಕೆ?

ಶಂಭುಲಿಂಗಯ್ಯ ಕಾಯಿಯನ್ನು ಚೀಲಕ್ಕೆ ತುರುಕಿಕೊಂಡು ಮೊದಲು ಮಂಡಿಗೆ ಓಡಿದ. ಮಂಡಿಯ ಸಾಹುಕಾರ ಗಂಗರಾಜೇ ಗಿಟಕು ಕ್ಲಬ್ಬಿನ ಅಧ್ಯಕ್ಷ. ಅವನು ಗದ್ದಿಗೆಯ ಮೇಲೆ ಕೂತು ಕಿವಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ.

"ಕೀಪರೂ ಹೋಗ್ತಾವ್ನೆ ಸಾಹುಕಾರ್ರೆ! ನಿಮ್ಮ ಕಾರು ಕೊಡಿ, ಹಿಡ್ಕೊಂಡು ಬತ್ತೀನಿ."

"ಹೋಗ್ಲಿ ಬುಡ್ರೀ ಶಂಭಣ್ಣ. ಇದಕ್ಕೆ ರೀಬಿಲ್ಡಿಂಗ್ ಅಂತಾರೆ ಕಣ್ರೀ. ಹಳಬ್ರು ಹೋಗ್ಬೇಕು, ಹೊಸಬ್ರು ಬರ್ಬೇಕು."

"ಆರು ವರ್ಷದಿಂದ ಅದೇ ಹೇಳ್ತಿದ್ದೀರಿ. ಹಳಬ್ರು ಹೋಗೋದು ಕಾಣ್ತದೆ, ಹೊಸಬ್ರು ಯಾವ ಬಸ್ಸಲ್ಲಿ ಬತ್ತಾವ್ರೆ?"

"ಕಾರು ಸರ್ವಿಸಿಗೆ ಬಿಟ್ಟಿದ್ದೀನಿ," ಎಂದ ಗಂಗರಾಜು, ಬಾಗಿಲಲ್ಲೇ ನಿಂತಿದ್ದ ಕಾರಿನ ಕಡೆ ನೋಡದೆ. "ನೀವೇ ಹೋಗಿ ಕಾಯಿ ಕೊಡಿ. ನಿಮ್ಮ ಹೆಸರೂ ಪಟ್ಟಿಯಲ್ಲಿ ಐತಲ್ಲ."

ಅದು ನಿಜ. ಮೈದಾನದ ಹಗ್ಗದ ಒಳಗೆ ಆಟಗಾರರ ಪಕ್ಕ ಕೂರಬೇಕೆಂದು ಹಟ ಹಿಡಿದು, ಶಂಭುಲಿಂಗಯ್ಯ ಪಟ್ಟಿಯಲ್ಲಿ ಹದಿನೇಳನೆಯವನಾಗಿ ತನ್ನ ಹೆಸರು ಸೇರಿಸಿಕೊಂಡಿದ್ದ. ಹೆಸರಿನ ಮುಂದೆ 'ಬೆಂಬಲ' ಎಂದು ಬರೆದಿತ್ತು.

ಕಾದು ಕಾದು ಮಧ್ಯಾಹ್ನ ಎರಡಕ್ಕೆ ಸಿಕ್ಕ ನೊಣವಿನಕೆರೆಯ ಖಾಸಗಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕೊಲ್ಲಾಪುರಮ್ಮ ಎಂಬ ಮುದುಕಿ ಸಿಕ್ಕಿದಳು. ಬಾಯಲ್ಲಿ ಎಲೆ ಅಡಿಕೆ, ಮುಖದ ತುಂಬ ಕುತೂಹಲ.

"ಕಾಯಿ ಮಡೀಕಂಡು ಎಲ್ಲಿಗೆ ಹೊಂಟೆ ಮಗ? ಮಠಕ್ಕಾ?"

ಶಂಭುಲಿಂಗಯ್ಯನ ಬಾಯಿಗೂ ಒಡೆದ ಕೆರೆಗೂ ಅಂಥ ವ್ಯತ್ಯಾಸವಿರಲಿಲ್ಲ. ಸಿದ್ದಾರ್ಥನ ಶೂ, ದಯಾನಂದನ ಕೋಳಿ ಸಾರು, ಕೆಂಚಪ್ಪನ ಕುತಂತ್ರ ಎಲ್ಲ ಹರಿಯಿತು. ಮೂರು ವರ್ಷದ ಹಿಂದಿನ ತನ್ನ ಪರಾಕ್ರಮವನ್ನೂ ಹೇಳಿದ. ಆಷಾಢದಲ್ಲಿ ತುರುವೇಕೆರೆ ಕ್ಲಬ್ಬಿನ ಹುಡುಗನೊಬ್ಬ ಮಂಡಿಗೆ ಬಂದಿದ್ದನಂತೆ. ರಾಶಿಯಿಂದ ಉರುಳಿದ ಕಾಯಿಯನ್ನು ಪಾಪ, ಕಾಲ ಮೇಲೆ ಬೀಳದಿರಲೆಂದು ಹಿಡಿದನಂತೆ. "ಹಿಡಿದ! ಹಿಡಿದ!" ಎಂದು ಶಂಭುಲಿಂಗಯ್ಯ ಕೂಗಿ ಇಬ್ಬರು ಹಮಾಲರನ್ನು ಸಾಕ್ಷಿಗೆ ನಿಲ್ಲಿಸಿದನಂತೆ.

"ಬೇಕೂಂತ ಹಿಡೀಲಿಲ್ಲ ಅಂತ ಅತ್ತುಬುಟ್ಟ ಅಜ್ಜಿ. ನಾನು ಬುಡ್ತೀನಾ? ಬೇಕೂಂತಲೋ ಬ್ಯಾಡಾಂತಲೋ ಯಾರು ಕೇಳಿದ್ರು? ಕಾಯಿ ಯಾರದು, ಕೈ ಯಾರದು, ಅಷ್ಟೇ. ಕಾಯಿ ಹಿಡಿದ ಮೇಲೆ ಮುಗೀತು ಅಂದೆ! ಒಂದು ವರ್ಷ ನಮ್ಮಲ್ಲೇ ಆಡ್ದ."

"ಅಯ್ ಶಿವನೇ, ಎಂಥಾ ತಲೆ ಮಗ ನಿಂದು!" ಎಂದು ಮುದುಕಿ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು.

ಆಗ ಬಸ್ಸು ಗೊರಗೊರ ಎಂದು ದಾರಿಯ ಮಧ್ಯೆ ನಿಂತಿತು. ಒಂದೂವರೆ ಗಂಟೆ ಡ್ರೈವರು ತಿಣುಕಿದ, ಕಂಡಕ್ಟರು ಬೈದ, ಗಂಡಸರೆಲ್ಲ ಇಳಿದು ತಳ್ಳಿದರು. ಕಡೆಗೆ ಬಸ್ಸು ಒಂದೇ ನೆಗೆತಕ್ಕೆ ಎದ್ದಾಗ ಶಂಭುಲಿಂಗಯ್ಯನ ಚೀಲ ಸೀಟಿನಿಂದ ಬಿದ್ದು, ಕಾಯಿ ಉರುಳಿಕೊಂಡು ಹೋಗಿ ಡ್ರೈವರಿನ ಕಾಲ ಹತ್ತಿರ ನಿಂತಿತು.

"ಅಮಾವಾಸ್ಯೆ ದಿನ ದೇವರೇ ಕಳಿಸವ್ನೆ ಕಣ್ಲಾ!" ಎಂದು ಕಂಡಕ್ಟರು ಕಾಯಿ ಎತ್ತಿಕೊಂಡು ಕೆಳಗೆ ಜಿಗಿದ. ಹಿಂದಿನಿಂದ ಏದುಸಿರು ಬಿಡುತ್ತ ಓಡಿಬಂದ ಶಂಭುಲಿಂಗಯ್ಯ "ಅಯ್ಯೋ ಬ್ಯಾಡಪ್ಪಾ, ಅದು ಗೋಲ್‌ಕೀಪರಿಂದು!" ಎನ್ನುವಷ್ಟರಲ್ಲಿ ಮುಂದಿನ ಚಕ್ರದ ಹತ್ತಿರ ಫಟಾರ್ ಎಂದು ಕಾಯಿ ಎರಡು ಹೋಳಾಯಿತು. ಕೊಲ್ಲಾಪುರಮ್ಮ ಚೂರು ಮಾಡಿ ಎಲ್ಲರಿಗೂ ಹಂಚಿದಳು. ಶಂಭುಲಿಂಗಯ್ಯನಿಗೂ ಒಂದು ಚೂರು ಸಿಕ್ಕಿತು. ಹೊಟ್ಟೆ ಹಸಿದಿತ್ತು, ತಿಂದ.

ನೊಣವಿನಕೆರೆಯಲ್ಲಿ ಇಳಿದವನೇ ಅಂಗಡಿಗೆ ನುಗ್ಗಿದ. "ಒಂದು ಜುಟ್ಟಿನ ಕಾಯಿ ಕೊಡಪ್ಪ, ಬೇಗ."

ಅಂಗಡಿಯವನು ಮೇಲಿಂದ ಕೆಳಗೆ ನೋಡಿದ. "ಯಾವೂರು ಸ್ವಾಮಿ ನಿಮ್ದು? ಮನೆಮನೆಗೂ ತೋಟ ಇರೋ ಊರಲ್ಲಿ ಕಾಯಿ ಮಾರಿದ್ರೆ ನಾನು ನೊಣ ಹೊಡೀಬೇಕು. ಬಿಸ್ಕತ್ತು ಐತೆ, ಕೊಡ್ಲಾ?"

ಎದುರು ಮನೆಯಲ್ಲಿ ಕೇಳಿದ. ಕಾಯೆಲ್ಲ ಅಟ್ಟದ ಮೇಲಿದೆ, ಕೊಬ್ಬರಿಯಾಗುವ ತನಕ ಮುಟ್ಟುವಂತಿಲ್ಲ ಎಂದರು. ಪಕ್ಕದ ಮನೆಯಲ್ಲಿ ಎಳನೀರು ಕೊಟ್ಟರು. ಅದರಾಚೆ ಮನೆಯಲ್ಲಿ ಇದ್ದ ಒಂದು ಕಾಯಿ ಅವರ ಮನೆ ಗಂಡನ ಪೂಜೆಗೆ. ಆ ಗಂಡ ಜಗಲಿಯಲ್ಲಿ ಕಾಲು ತೊಳೆದುಕೊಂಡು ತಯಾರಾಗಿ ಕೂತಿದ್ದ, ಶಂಭುಲಿಂಗಯ್ಯನನ್ನು ದುರುಗುಟ್ಟಿ ನೋಡಿದ. ಕಣ್ಣು ಹಾಯಿಸಿದಷ್ಟು ದೂರ ತೆಂಗಿನ ಮರ, ಪ್ರತಿ ಮರದಲ್ಲೂ ಗೊನೆ ಗೊನೆ ಕಾಯಿ, ಶಂಭುಲಿಂಗಯ್ಯನ ಕೈಗೆ ಮಾತ್ರ ಒಂದಿಲ್ಲ. ಅವನಿಗೆ ಅಳುವೇ ಬಂತು.

ಕೆಂಚಪ್ಪನ ತೋಟ ಮುಟ್ಟುವಾಗ ಗಂಟೆ ಆರು ದಾಟಿತ್ತು. ಮಿಷನ್ನಿನ ಶೆಡ್ಡಿನಲ್ಲಿ ಮುಜಾಫರನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು, ಮಿಕ್ಕದ್ದು ಮಿಷನ್ನಿನಡಿ ಇತ್ತು. ಸದ್ಯ, ಕೈ ಕಾಯಿ ಹಿಡಿಯುವ ಸ್ಥಿತಿಯಲ್ಲಿಲ್ಲ! ಪಕ್ಕದಲ್ಲಿ ಸಿಪ್ಪೆ ಸಮೇತ ಕಾಯಿ ಗುಡ್ಡದಂತೆ ಬಿದ್ದಿತ್ತು. ಶಂಭುಲಿಂಗಯ್ಯ ಒಂದನ್ನು ನೆಲಕ್ಕೆ ನೆಟ್ಟ ಹಾರೆಗೆ ಚುಚ್ಚಿ ಸುಲಿಯಲು ನೋಡಿದ. ಹಾರೆ ಅಲುಗಲಿಲ್ಲ, ಕಾಯಿ ಸುಲಿಯಲಿಲ್ಲ, ಅಂಗಿಯ ತೋಳು ಮಾತ್ರ ನೀಟಾಗಿ ಸುಲಿದು ಬಂತು.

"ಏನ್ ಶಂಭಣ್ಣೋರೆ, ನಮ್ಮ ತೋಟಕ್ಕೆ ಕೂಲಿಗೆ ಬಂದ್ರಾ?"

ಬಿಳಿ ಪಂಚೆಯ ಕೆಂಚಪ್ಪ ನಿಂತಿದ್ದ. ಅವನ ಹಿಂದೆ ಹಲ್ಲು ಕಿರಿಯುತ್ತ ದಯಾನಂದ್. ಅವನ ಮೂತಿಯಲ್ಲಿ ಮಧ್ಯಾಹ್ನದ ಊಟದ ತೃಪ್ತಿ ಇನ್ನೂ ಇತ್ತು.

ಶಂಭುಲಿಂಗಯ್ಯನಿಗೆ ಬಾಯಿಗೆ ಬಂದ ಸುಳ್ಳು ಹೊರಬಿತ್ತು. ಸುಳ್ಳೆಂದರೆ, ನಿಜವೇ. "ಇವತ್ತು ಹೆಂಡ್ತಿ ನನ್ನ ಪಾದಪೂಜೆ ಮಾಡ್ಬೇಕು ಕೆಂಚಪ್ಪೋರೆ. ಮನೇಲಿ ಜುಟ್ಟಿನ ಕಾಯಿಲ್ಲ."

"ಪಾದಪೂಜೆಗೆ ತಿಪಟೂರಿಂದ ಇಲ್ಲೀವರೆಗೂ ಬಂದ್ರಾ? ಎಂಥಾ ದೈವಭಕ್ತಿ! ನಮ್ಮೂರ ಹೆಣ್ಣುಮಗಳ ಪೂಜೆ ನಿಲ್ಲಬಾರ್ದು," ಎಂದ ಕೆಂಚಪ್ಪ ಒಳಗೆ ಹೋಗಿ, ಹಸನಾದ ಜುಟ್ಟಿನ ಕಾಯಿ ತಂದ. ಎರಡು ವೀಳ್ಯದೆಲೆ, ಒಂದು ಅಡಿಕೆಯನ್ನೂ ಇಟ್ಟು ಎರಡು ಕೈಯಲ್ಲಿ ನೀಡಿದ. ಅವನ ಹಿಂದೆಯೇ ಒಬ್ಬ ಮುದುಕಿಯೂ ಹೊರಗೆ ಬಂದು ಕಂಬಕ್ಕೊರಗಿ ನಿಂತಳು. ಶಂಭುಲಿಂಗಯ್ಯನ ಕಣ್ಣು ಕಾಯಿಯ ಮೇಲಿತ್ತು, ಮುದುಕಿಯ ಮೇಲಲ್ಲ.

ಕಾಯಿ ಇಸಕೊಂಡ, ಕಿವಿಯ ಹತ್ತಿರ ಅಲ್ಲಾಡಿಸಿದ. ನೀರು ತುಂಬಿ ಗುಳುಗುಳು ಎಂದಿತು. ಒಳ್ಳೇ ಕಾಯಿ! ನಿನ್ನ ಕಾಯಲ್ಲೇ ನಿನ್ನ ತಲೆ ಒಡೀತೀನಿ ಕೆಂಚಪ್ಪ, ಎಂದು ಮನಸ್ಸಿನಲ್ಲೇ ಕುಣಿದ. ಶೆಡ್ಡಿಗೆ ಹಾರಿ ಮುಜಾಫರನ ಕಾಲು ಹಿಡಿದು ಎಳೆದ.

"ಅರೆ, ಶಂಭಣ್ಣ! ಏನಿದು?"

"ಮಾತಾಡ್ಬೇಡ! ಹಿಡಿ ಕಾಯಿ! ಎಲ್ರೂ ನೋಡ್ರಪ್ಪಾ, ನಾನು ಕೊಟ್ಟೆ!"

ಗ್ರೀಸು ಮೆತ್ತಿದ ಕೈಯಲ್ಲಿ ಮುಜಾಫರ್ ಕಾಯಿ ಹಿಡಿದ. ಶಂಭುಲಿಂಗಯ್ಯ ಎರಡು ಕೈ ಮೇಲೆತ್ತಿ ಗೋಲು ಹೊಡೆದವನಂತೆ ಕೂಗಿದ. "ಹಿಡಿದ! ಹಿಡಿದ! ಹೆಂಗೆ ಕೆಂಚಪ್ಪೋರೆ? ನಿಮ್ಮ ಕಾಯಿ, ನಮ್ಮ ಕೀಪರ್ರು!"

ಕೆಂಚಪ್ಪ ಕೋಪಗೊಳ್ಳಲಿಲ್ಲ. ನಿಧಾನವಾಗಿ ಚಪ್ಪಾಳೆ ತಟ್ಟಿದ. "ಭಾಳ ಸಂತೋಷ. ನಮ್ಮ ಕ್ಲಬ್ಬಿಗೆ ಕೀಪರ್ ತಂದುಕೊಟ್ರಿ. ಬಂದ ದಿನವೇ ಕೆಲಸ ಶುರು ಮಾಡಿದ್ರಿ."

"ನಿಮ್ಮ ಕ್ಲಬ್ಬಾ?"

"ಈಗ ತಾನೇ ನನ್ನ ಕೈಯಿಂದ ಕಾಯಿ ಹಿಡಿದೋರು ಯಾರು? ನಿಮ್ಮ ಹೆಸರು ಪಟ್ಟಿಯಲ್ಲಿ ಐತೋ ಇಲ್ವೋ? ಹದಿನೇಳನೇದು. ದಯಾನಂದ ನೋಡವ್ನೆ, ನಮ್ಮ ದೊಡ್ಡಮ್ಮ ನೋಡವ್ಳೆ."

ಕಂಬದ ಹತ್ತಿರ ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದವಳು ಬಸ್ಸಿನ ಕೊಲ್ಲಾಪುರಮ್ಮ.

"ನಾನು ಬೇಕೂಂತ ಹಿಡೀಲಿಲ್ಲ!" ಎಂದು ಶಂಭುಲಿಂಗಯ್ಯ ಅರಚಿದ. "ಅದು ಪೂಜೆ ಕಾಯಿ!"

"ಬೇಕೂಂತಲೋ ಬ್ಯಾಡಾಂತಲೋ ಯಾರು ಕೇಳಿದ್ರು ಮಗ?" ಎಂದಳು ಮುದುಕಿ. "ಕಾಯಿ ಯಾರದು, ಕೈ ಯಾರದು, ಅಷ್ಟೇ. ನೀನೇ ಅಲ್ವಾ ಅಂದಿದ್ದು?"

ದಯಾನಂದ್ ಬೆರಳು ಮಡಿಸಿ ಲೆಕ್ಕ ಒಪ್ಪಿಸಿದ. "ಮೊದ್ಲು ನೀವು ನಮ್ಮೋರಾದ್ರಿ. ಆಮೇಲೆ ನಮ್ಮೋರಾಗಿ ಮುಜಾಫರಿಗೆ ಕಾಯಿ ಕೊಟ್ರಿ. ಕಾಯಿ ಹಿಡಿದ ಮೇಲೆ ಮುಗೀತು, ಶಂಭಣ್ಣ."

ಮುಜಾಫರ್ ಕೈಯಲ್ಲಿದ್ದ ಕಾಯಿಯನ್ನೂ ಶಂಭುಲಿಂಗಯ್ಯನನ್ನೂ ನೋಡಿದ. "ನಾನೆಲ್ಲಿಗೆ ಹೋಗ್ತಿದ್ದೆ ಅಣ್ಣಾ? ಇವ್ರು ಬೆಳಿಗ್ಗೆಯೇ ಕಾಯಿ ತಂದಿದ್ರು. ಗಿಟಕು ಬುಟ್ಟು ಬರಲ್ಲ ಅಂತ ಮಿಷನ್ ಅಡೀಗೆ ಹೋಗಿ ಮಲಗಿದ್ದೆ. ಇನ್ನು ಹತ್ತು ನಿಮಿಷ ತಡೆದಿದ್ರೆ ದೀಪ ಹಚ್ಚೋರು."

ಶಂಭುಲಿಂಗಯ್ಯ ಕಾಯಿ ರಾಶಿಯ ಮೇಲೆ ಕುಸಿದು ಕೂತ. ಗಂಗರಾಜನಿಗೆ ಫೋನ್ ಮಾಡಿ ಎಲ್ಲ ಹೇಳಿದ. ಆ ಕಡೆಯಿಂದ ಒಂದು ಆಕಳಿಕೆ ಕೇಳಿಸಿತು.

"ಹೋಗ್ಲಿ ಬುಡ್ರೀ ಶಂಭಣ್ಣ. ಹಳಬ್ರು ಹೋಗ್ಬೇಕು."

ಕೆಂಚಪ್ಪನೇ ತನ್ನ ಕಾರಿನಲ್ಲಿ ಮನೆ ತನಕ ಬಿಟ್ಟ. ಗಿಟಕು ಕ್ಲಬ್ಬಿನಲ್ಲಿ ಇಪ್ಪತ್ತಾರು ವರ್ಷ ಇದ್ದರೂ ಯಾರೂ ಅವನನ್ನು ಕಾರಿಗೆ ಹತ್ತಿಸಿರಲಿಲ್ಲ. ದಾರಿಯಲ್ಲಿ ಮೊಬೈಲು ಟಿಣ್ ಎಂದಿತು. ಗುಂಪಿನಲ್ಲಿ ಅವನದೇ ಬೆಳಗಿನ ಬರಹ ಒಂದಕ್ಷರ ಬದಲಾಗದೆ ಬಂದಿತ್ತು: ಉಂಡ ಮನೆಗೆ ಬೆನ್ನು ಹಾಕಿದ ತಮ್ಮ ಬೆನ್ನು ಸದಾ ಬೆಚ್ಚಗಿರಲಿ. ಹೂವಿನ ಹಾರದೊಳಗೆ ಈಗ ಅವನ ಫೋಟೋ ಇತ್ತು.

ಕಾಯಿ ಕದ್ದದ್ದಕ್ಕೆ ಇವತ್ತು ಗ್ಯಾರಂಟಿ ಪೊರಕೆ ಪೂಜೆ ಎಂದುಕೊಂಡು ಒಳಗೆ ಕಾಲಿಟ್ಟರೆ, ನಿರ್ಮಲಾ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲೇ ಆರತಿ ಹಿಡಿದು ನಿಂತಿದ್ದಳು. ಒಳಗಿನಿಂದ ಪಾಯಸದ ಘಮ ಬರುತ್ತಿತ್ತು.

"ಕೆಂಚಣ್ಣ ಫೋನ್ ಮಾಡಿದ್ರು ಕಣ್ರೀ. ಅಂತೂ ಇಂತೂ ನಮ್ಮೂರ ಕಡೆ ಬಂದ್ರಲ್ಲ!"

ಮಣೆ ಹಾಕಿ ಕೂರಿಸಿ, ಅವನ ಕಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮದುವೆಯಾದಾಗಿನಿಂದ ಒಮ್ಮೆಯೂ ಮಾಡದಷ್ಟು ಭಕ್ತಿಯಿಂದ ಪಾದಪೂಜೆ ಮಾಡಿದಳು. ಪಕ್ಕದ ಮನೆಯ ರಾಮಲಕ್ಷ್ಮಮ್ಮನೂ ಅವಳ ಸೊಸೆಯೂ ನೋಡಲು ಬಂದು ನಿಂತರು. ಶಂಭುಲಿಂಗಯ್ಯ ಕಲ್ಲಿನ ಬಸವನಂತೆ ಕೂತಿದ್ದ.

ಪೂಜೆ ಮುಗಿಸಿ ನಿರ್ಮಲಾ ನಗುನಗುತ್ತ, ರಾಮಲಕ್ಷ್ಮಮ್ಮನ ಮನೆಯಿಂದ ಇಸಕೊಂಡು ಬಂದಿದ್ದ ಕಾಯಿಯನ್ನು ಎಲೆ ಅಡಿಕೆಯ ಮೇಲಿಟ್ಟು ಅವನ ಮುಂದೆ ನೀಡಿದಳು.

"ತಗೊಳ್ಳಿ, ಹಿಡೀರಿ."

ಶಂಭುಲಿಂಗಯ್ಯ ಬಾಗಿಲಲ್ಲಿ ನಿಂತಿದ್ದ ಇಬ್ಬರನ್ನೂ ನೋಡಿದ, ಕಾಯಿಯನ್ನು ನೋಡಿದ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.