ಮಾವನ ಬ್ಲಾಗಿಗೆ ಬಿದ್ದ ಬೀಗ

ನನ್ನ ಸೋದರಮಾವನಿಗೆ ಹೆದರಿ ಸರ್ಕಾರವೇ ಒಮ್ಮೆ ನಡುಗಿತ್ತು ಎಂದರೆ ನೀವು ನಂಬುವುದಿಲ್ಲ. ಮಾವ ಮಾತ್ರ ಪೂರ್ತಿ ನಂಬಿದ್ದರು!

ಮನೆಗಳಿಗೆ ಇಂಟರ್ನೆಟ್ ಆಗಷ್ಟೇ ಬರುತ್ತಿದ್ದ ಕಾಲ. ಬನಶಂಕರಿಯ ಮನೆಯಲ್ಲಿ ಕೂತು ಮಾವ ಬ್ಲಾಗ್ ಬರೆಯುತ್ತಿದ್ದರು. ವಿಷಯ? ಬೀದಿಯ ಚರಂಡಿ, ಎದುರುಮನೆ ನಾಯಿ, ಹುಳಿಗೆ ಬೇಳೆ ಎಷ್ಟು ಬೇಯಬೇಕು ಎಂಬಂಥ ಗಹನ ವಿಚಾರಗಳು. ಇದನ್ನು ಓದುವ ಪುಣ್ಯಾತ್ಮರು ಹೊರದೇಶದಲ್ಲೂ ಇದ್ದರು. ಊರು ಬಿಟ್ಟವರಿಗೆ ಚರಂಡಿಯೂ ನೆನಪಾಗುತ್ತದೆಯೋ ಏನೋ!

ಒಂದು ಬೆಳಗ್ಗೆ ಬ್ಲಾಗ್ ತೆರೆಯಲೇ ಇಲ್ಲ. ಯಾವುದೋ ಕೆಲವು ಪುಟಗಳನ್ನು ಮುಚ್ಚಿ ಎಂದು ಸರ್ಕಾರ ಹೇಳಿತ್ತಂತೆ. ಇಂಟರ್ನೆಟ್ ಕಂಪನಿಯವರು ತಲೆನೋವೇ ಬೇಡವೆಂದು ಎಲ್ಲ ಬ್ಲಾಗುಗಳಿಗೂ ಬೀಗ ಜಡಿದಿದ್ದರು. ಯಾಕೆಂದು ಯಾರೂ ಹೇಳಲಿಲ್ಲ.

"ಚರಂಡಿ ವಿಷಯಕ್ಕಾ, ಹುಳಿ ವಿಷಯಕ್ಕಾ? ಯಾವುದಕ್ಕೋ ಇದು?" ಎಂದರು ಮಾವ.

"ಎಲ್ಲರದ್ದೂ ಬ್ಲಾಕ್ ಆಗಿದೆ ಮಾವ, ನಿಮ್ಮೊಬ್ಬರದ್ದೇ ಅಲ್ಲ."

"ನನ್ನೊಬ್ಬನ್ನ ಹಿಡಿಯಕ್ಕೆ ಎಲ್ಲರದ್ದೂ ಮುಚ್ಚಿದಾರೆ ಅನ್ನು!"



ಅಷ್ಟರಲ್ಲಿ ಹೊರದೇಶದ ಓದುಗರ ಇಮೇಲ್‌ಗಳು ಬಂದವು. "ಹೆದರಬೇಡಿ, ನಾವೂ ಇಲ್ಲಿಂದ ಪ್ರತಿಭಟಿಸುತ್ತಿದ್ದೇವೆ!" ಮಾವ ಒಂದೇ ಬೆರಳಲ್ಲಿ ಉತ್ತರ ಕುಟ್ಟಿದರು: "ತುಂಬಾ ಥ್ಯಾಂಕ್ಸ್. ನಾನು ಮಾಡಿದ ತಪ್ಪೇನು ಅಂತ ನಿಮಗೇನಾದ್ರೂ ಗೊತ್ತಾ?" ಕೊನೆಯಲ್ಲಿ ಇನ್ನೊಂದು ಸಾಲು: "ಇದನ್ನು ಕದ್ದು ಓದುತ್ತಿರುವ ಅಧಿಕಾರಿಗಳಿಗೂ ನಮಸ್ಕಾರ."

ಹಿಡಿಯುವವರು ಮನೆಗೆ ಬರುವ ಮೊದಲು ತಾವೇ ಹೋಗುವುದು ಮರ್ಯಾದೆ ಎಂದುಕೊಂಡು, ಟವಲು, ಬಿಪಿ ಮಾತ್ರೆ ಚೀಲಕ್ಕೆ ತುಂಬಿ, ನನ್ನನ್ನೂ ಎಳೆದುಕೊಂಡು ಮಾವ ಪೊಲೀಸ್ ಸ್ಟೇಷನ್ನಿಗೆ ಹೊರಟರು. ಹೋದವರೇ "ನನ್ನ ಬ್ಲಾಗ್..." ಎಂದು ಶುರುಮಾಡಿದರು.

"ಬ್ಲಾಗ್ ಕಳೆದುಹೋಯ್ತಾ ಸಾರ್? ಯಾವ ಕಲರ್ರು?" ಎಂದ ಕಾನ್‌ಸ್ಟೇಬಲ್.

"ಕಳೆದಿಲ್ಲಪ್ಪ. ಬರೆದೋನು ನಾನೇ. ಅರೆಸ್ಟ್ ಮಾಡಿ."

ಅವನು ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ.

"ಸಾಹೇಬ್ರು ಬರ್ಲಿ, ಕೂತ್ಕೊಳಿ ಸಾರ್."

ಬೆಂಚಿನ ಮೇಲೆ ಕೂತಾಗಲೇ ಗಮನಿಸಿದ್ದು, ಮಾವನ ಕೈ ನಡುಗುತ್ತಿತ್ತು. ಚೀಲವನ್ನು ನಾನು ಇಸಿದುಕೊಂಡೆ.

ನಮ್ಮ ಹಿಂದೆಯೇ ಆಟೋ ಹಿಡಿದು ಅತ್ತೆ ಬಂದರು. ಗಂಡ ಕಂಪ್ಯೂಟರ್ ಮುಂದೆ ಕೂತರೆ ಸಿಡುಕುತ್ತಿದ್ದ ಅತ್ತೆ, ನೇರವಾಗಿ ಕಾನ್‌ಸ್ಟೇಬಲ್ ಎದುರು ನಿಂತರು.

"ನೋಡಪ್ಪ, ಇವರು ಬರೀ ಟೈಪ್ ಮಾಡೋದು. ಏನು ಬರೀಬೇಕು ಅಂತ ಹೇಳಿಕೊಡೋಳು ನಾನು. ಒಳಗೆ ಹಾಕೋದಾದ್ರೆ ಇಬ್ರನ್ನೂ ಹಾಕು."

ಹಸಿ ಸುಳ್ಳು! ಅತ್ತೆ ಆ ಬ್ಲಾಗಿನ ಒಂದು ಸಾಲನ್ನೂ ಓದಿದವರಲ್ಲ.

ಸಾಹೇಬರು ಬಂದು ನಕ್ಕು ಮನೆಗೆ ಕಳಿಸಿದ್ದು, ಕೆಲವು ದಿನಗಳಲ್ಲಿ ಬ್ಲಾಗ್ ತಾನಾಗಿ ತೆರೆದದ್ದು, ಅದಕ್ಕೂ ಯಾರೂ ಕಾರಣ ಹೇಳದಿದ್ದದ್ದು ಎಲ್ಲ ಆಮೇಲಿನ ಮಾತು. ಆ ಹೊತ್ತಿಗೆ ಮಾವ ಬೆಂಚಿನಲ್ಲಿ ಸ್ವಲ್ಪ ಸರಿದರು. ಅತ್ತೆ ಪಕ್ಕದಲ್ಲಿ ಕೂತು, ನಡುಗುತ್ತಿದ್ದ ಆ ಕೈಯನ್ನು ತಮ್ಮ ಮಡಿಲಿಗೆಳೆದುಕೊಂಡು ಮೇಲೆ ಸೆರಗು ಹೊದಿಸಿದರು.