ಮಾವನ ಎದೆಗೆ ಹೊಸ ಬ್ಯಾಟರಿ

ನಮ್ಮ ಸೋದರಮಾವನ ಕಣ್ಣಿಗೆ ಈ ಭೂಮಿಯ ಮೇಲೆ ಮನುಷ್ಯರೇ ಇಲ್ಲ, ಇರುವುದೆಲ್ಲ ಲಾರಿಗಳು! ಬಳ್ಳಾರಿಯಿಂದ ವಿಜಯವಾಡಕ್ಕೆ ಬಂದು, ಆಟೋನಗರ್‌ನಲ್ಲಿ ರಿಪೇರಿ ಶೆಡ್ ಹಾಕಿ, ಆಯುಷ್ಯವೆಲ್ಲ ಲಾರಿಗಳ ಕೆಳಗೆ ಮಲಗಿ ಕಳೆದವರು. ನನ್ನನ್ನು ನೋಡಲು ಬಂದ ವರನಿಗೆ ಒಂದು ಸುತ್ತು ಹಾಕಿ, "ಬಾಡಿ ಗಟ್ಟಿ ಐತೆ, ಹಾರ್ನ್ ಸ್ವಲ್ಪ ಜಾಸ್ತಿ" ಎಂದಿದ್ದರು. ಇಷ್ಟು ವರ್ಷ ಸಂಸಾರ ಮಾಡಿದವಳು ಹೇಳುತ್ತೇನೆ, ಆ ಮಾತು ಸುಳ್ಳಲ್ಲ!

ಇಂಥ ಮಾವ, ತೊಂಬತ್ತು ದಾಟಿದ ಮೇಲೆ, ಬಚ್ಚಲಲ್ಲಿ ತಲೆ ತಿರುಗಿ ಬಿದ್ದರು. ಮತ್ತೊಮ್ಮೆ ದೇವರ ಮನೆಯಲ್ಲಿ ಬಿದ್ದರು. ಅವರ ಹೆಂಡತಿ, ನಮ್ಮ ತೆಲುಗು ಅತ್ತೆ, ಹೆದರಿ ನನಗೆ ಫೋನ್ ಮಾಡಿದರು. ಇಬ್ಬರನ್ನೂ ನಾನಿರುವ ವಿಶಾಖಪಟ್ಟಣಕ್ಕೆ ಕರೆಸಿಕೊಂಡೆ.

ಆಸ್ಪತ್ರೆಯ ಡಾಕ್ಟರು ದಾವಣಗೆರೆಯ ಹುಡುಗ. "ಅಜ್ಜಾರೆ, ನಿಮ್ಮ ಹೃದಯ ಬಹಳ ನಿಧಾನ ಬಡೀತಿದೆ. ಪೇಸ್‌ಮೇಕರ್ ಹಾಕಬೇಕು. ಇಲ್ಲದಿದ್ರೆ ಇನ್ನೊಂದ್ಸಲ ಬಿದ್ದಾಗ ಏಳೋದು ಕಷ್ಟ."

"ಈ ವಯಸ್ಸಲ್ಲಿ ಆಪರೇಷನ್ ತಡ್ಕೋತಾರಾ?" ಎಂದೆ.

"ವಯಸ್ಸೊಂದೇ ಅಡ್ಡಿಯಲ್ಲ ಮೇಡಂ. ರಕ್ತಸ್ರಾವ, ಸೋಂಕು ಅಂತ ಸ್ವಲ್ಪ ಅಪಾಯ ಇದ್ದೇ ಇದೆ, ಜೋಪಾನ ಮಾಡ್ತೀವಿ. ಇವರಿಗಿಂತ ಹಿರಿಯರೂ ಹಾಕಿಸ್ಕೊಂಡು ಆರಾಮಾಗಿ ಓಡಾಡ್ತಿದಾರೆ."

ಮಾವ ವಿಚಾರಣೆಗೆ ಇಳಿದರು. "ಇಂಜಿನ್ ಬಿಚ್ಚಲ್ಲ ಹಂಗಾದ್ರೆ?"

"ಬಿಚ್ಚಲ್ಲ. ಹೆಗಲ ಕೆಳಗೆ ಸಣ್ಣದಾಗಿ ಕೊಯ್ದು ಕೂರಿಸ್ತೀವಿ."

"ಹಳೇ ಸಾಮಾನು ವಾಪಸ್ ಕೊಡ್ತೀರೇನು?"

"ಏನೂ ಹೊರಗೆ ತೆಗೆಯಲ್ಲ ಅಜ್ಜಾರೆ!"

"ಬ್ಯಾಟರಿ?"

"ಹತ್ತು ವರ್ಷದ ಹತ್ತಿರ ಬರುತ್ತೆ."

ಅಷ್ಟೇ! ಮಾವ ಅಂಗಿಯ ಗುಂಡಿ ಹಾಕಿಕೊಂಡು ಎದ್ದೇಬಿಟ್ಟರು. "ನನಗ ಬ್ಯಾಡ."

ಹೊರಗೆ ಕರೆತಂದು ಬೇಡಿಕೊಂಡೆ, ಬೈದೆ, ಹೆದರಿಸಿದೆ. ಊಹೂಂ! ಕೊನೆಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಅತ್ತೆಯ ಕಡೆ ನೋಡಿ ಮೆಲ್ಲಗೆ ಹೇಳಿದರು: "ಹತ್ತು ವರ್ಷ ಬಾಳ ಆತವ್ವಾ. ಅಕೀಗೂ ವಯಸ್ಸಾತು. ಅಕಿ ಮುಂದ ಹೋಗಿಬಿಟ್ರ, ನಾನೊಬ್ನೇ ಓಡ್ಕೋತ ಇರ್ಬೇಕೇನು?"

ನನ್ನ ಸಿಟ್ಟೆಲ್ಲ ಇಳಿಯಿತು.

ಅತ್ತೆ ತೂಕಡಿಸುತ್ತಿರಲೇ ಇಲ್ಲ! ಕಣ್ಣು ಮುಚ್ಚಿಕೊಂಡೇ ಗದರಿದರು. "ಏಮಂಡೀ, ನಿಮ್ಮನ್ನ ಬಿಟ್ಟು ನಾನು ಎಲ್ಲಿಗೆ ಹೋಗ್ತೀನಂಡೀ? ಮೊದಲು ಒಳಗೆ ಹೋಗಿ ಸಂತಕಂ ಮಾಡಿ."

ಮಾವ ತೆಪ್ಪಗೆ ಹೋಗಿ ಸಹಿ ಮಾಡಿದರು. ಆಪರೇಷನ್ ಟೇಬಲ್ ಮೇಲೂ ಬಾಯಿ ಸುಮ್ಮನಿರಲಿಲ್ಲವಂತೆ. "ವೈರಿಂಗ್ ಟೈಟ್ ಮಾಡಪ, ಆಮೇಲೆ ಲೂಸ್ ಕನೆಕ್ಷನ್ ಅನ್ಬ್ಯಾಡ" ಎಂದರಂತೆ. ದೇವರ ದಯೆ, ಎಲ್ಲ ಸುಸೂತ್ರವಾಯಿತು.

ಮನೆಗೆ ಹೊರಡುವ ದಿನ ಮೂರು ನಿಂಬೆಹಣ್ಣು ತಾ ಎಂದರು. ಪಾನಕಕ್ಕಿರಬೇಕೆಂದು ತಂದೆ. ಪಾನಕವೆಲ್ಲಿ ಬಂತು! ರಿಪೇರಿಯಾದ ಗಾಡಿ ನಿಂಬೆಹಣ್ಣು ತುಳಿಯದೆ ಶೆಡ್ ಬಿಡುವುದುಂಟೆ? ಗಾಲಿಕುರ್ಚಿಯ ಎರಡು ದೊಡ್ಡ ಚಕ್ರಗಳ ಮುಂದೆ ಎರಡು ಹಣ್ಣು ಇಡಿಸಿದರು. ನರ್ಸು ಕೂಗಿಕೊಂಡು ಓಡಿಬಂದಳು. ಡಾಕ್ಟರು ನಗುತ್ತಾ ತಾವೇ ಕುರ್ಚಿ ತಳ್ಳಿದರು.

"ಮೂರನೇದು ಯಾಕೆ ಮಾವ?"

ಮಾವ ನನ್ನ ಕೈ ಹಿಡಿದು ಎದ್ದು ನಿಂತರು. ಅದನ್ನು ಅತ್ತೆಯ ಕಾಲ ಮುಂದೆ ಇಡಲು ನನಗೆ ಸನ್ನೆ ಮಾಡಿದರು.

"ತುಳಿ. ನಿನ್ನ ಗಾಡೀನೂ ಓಡ್ಬೇಕಲ್ಲ, ನನ್ನ ಜೊತೀಗೆ."

ಅತ್ತೆ ನಾಚಿಕೊಂಡು, ಚಪ್ಪಲಿ ಬಿಟ್ಟು, ತುಳಿದರು. ಆ ಹಗುರ ಪಾದಕ್ಕೆ ಹಣ್ಣು ಜಗ್ಗಲಿಲ್ಲ. ಮಾವ ತಮ್ಮ ಪಾದವನ್ನು ಅವರ ಪಾದದ ಮೇಲಿಟ್ಟು ಮೆಲ್ಲಗೆ ಒತ್ತಿದರು.